ಬಾಬಿನ್ ಹುಡುಗಿಯ ಹಿಂದೆ ಒಂದು ಸಾಲು

1836ರ ಅಕ್ಟೋಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಊರಿನ ಹತ್ತಿ ಗಿರಣಿ. ಮೇಲಿನ ಮಹಡಿಗಳ ಹುಡುಗಿಯರು ಆಗಲೇ ಕೆಲಸ ಬಿಟ್ಟು ಬೀದಿಗಿಳಿದಿದ್ದರು. ಕೆಳಗಿನವರಿಗೆ ಮಾತ್ರ ಹೋಗಲೋ ಬೇಡವೋ ಎಂಬ ಹೊಯ್ದಾಟ. ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಸಿಕ್ಕಿಸುವ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದರ ಪೋರಿಗೆ ತಾಳ್ಮೆ ಕೆಟ್ಟಿತು. ಯಾರು ಬಂದರೂ ಬಿಟ್ಟರೂ ತಾನಂತೂ ಹೊರಟೆ ಎಂದು ಬಾಗಿಲತ್ತ ನಡೆದಳು. ತಿರುಗಿ ನೋಡಿದರೆ ಹಿಂದೆ ಉದ್ದನೆಯ ಸಾಲು!

ಹುಡುಗಿಯರು ಉಳಿಯುತ್ತಿದ್ದ ವಸತಿಗೃಹದ ಖರ್ಚು ಹೆಚ್ಚಿಸಿ ಅದನ್ನು ಕೂಲಿಯಲ್ಲೇ ಮುರಿದುಕೊಳ್ಳಲು ಕಂಪನಿಗಳು ಹೊರಟಿದ್ದವು. ಅದಕ್ಕೇ ಈ ಮುಷ್ಕರ. ಹುಡುಗಿಯರಲ್ಲಿ ಹೆಚ್ಚಿನವರು ನ್ಯೂ ಇಂಗ್ಲೆಂಡಿನ ರೈತರ ಮಕ್ಕಳು. ಮೊದಲ ಸಲ ಸ್ವಂತ ದುಡ್ಡು ಕಂಡವರು. ಅದಕ್ಕಾಗಿ ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ದುಡಿತ; ರಾತ್ರಿ ಹತ್ತಕ್ಕೆ ವಸತಿಗೃಹದ ಬಾಗಿಲು ಬಂದ್. ನೂಲು ಕಡಿಯಬಾರದೆಂದು ಕಿಟಕಿ ಮುಚ್ಚಿ ಒಳಗೆ ತೇವ ಉಳಿಸುತ್ತಿದ್ದರು. ನೇಯುವವರು ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲು ಹೀರಿ ಪೋಣಿಸಬೇಕು. ನೂಲಿನ ಜೊತೆ ಧೂಳೂ ಎದೆಗಿಳಿಯುತ್ತಿತ್ತು. ತಮ್ಮ ಪಾಡನ್ನು ಇವರು ಗುಲಾಮಗಿರಿಗೆ ಹೋಲಿಸಿಕೊಂಡರು. ಆದರೆ ಆ ಹತ್ತಿಯನ್ನು ಬಿಡಿಸಿದ್ದು ದಕ್ಷಿಣದ ರಾಜ್ಯಗಳ ನಿಜವಾದ ಗುಲಾಮರು. ಈ ಹೋಲಿಕೆ ಓದುವಾಗ ಚುಚ್ಚುತ್ತದೆ.

ಹ್ಯಾರಿಯೆಟ್‌ಳ ವಿಧವೆ ತಾಯಿ ಕಂಪನಿಯ ವಸತಿಗೃಹವೊಂದನ್ನು ನೋಡಿಕೊಳ್ಳುತ್ತಿದ್ದಳು. ಆಕೆಯ ಕೆಲಸ ಹೋಯಿತು. ದೊಡ್ಡ ಹುಡುಗಿಯರನ್ನು ತಡೆಯಲಾಗದಿದ್ದರೆ ಸರಿ, ಹೆತ್ತ ಮಗಳನ್ನಾದರೂ ಹದ್ದುಬಸ್ತಿನಲ್ಲಿ ಇಡಬಾರದಿತ್ತೇ ಎಂಬುದು ಯಜಮಾನರ ವಾದ.

1845ರ ಹೊತ್ತಿಗೆ ಸಾರಾ ಬ್ಯಾಗ್ಲಿಯ ಮುಂದಾಳತ್ವದಲ್ಲಿ ಕಾರ್ಮಿಕ ಹೆಂಗಸರದ್ದೇ ಸಂಘವಿತ್ತು. ವೋಟಿಲ್ಲದವರಿಗೆ ಉಳಿದ ದಾರಿ ಅರ್ಜಿ. ದಿನಕ್ಕೆ ಹತ್ತೇ ಗಂಟೆ ಕೆಲಸ ಬೇಕೆಂದು ಎರಡು ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಶಾಸನಸಭೆಯ ಸಮಿತಿಯ ಮುಂದೆ ಹೆಂಗಸರೇ ನಿಂತು ಸಾಕ್ಷಿ ನುಡಿದರು. ಅವರಲ್ಲೊಬ್ಬರಾದ ಎಲೈಜಾ ಹೆಮಿಂಗ್‌ವೇ ಲೆಕ್ಕವನ್ನೇ ಇಟ್ಟರು: ತಮ್ಮ ಕೋಣೆಯಲ್ಲಿ ಸುಮಾರು 150 ಜನ, ಸಂಜೆ ಉರಿಯುವುದು 293 ಸಣ್ಣ ದೀಪ, 61 ದೊಡ್ಡ ದೀಪ. ಉಸಿರಾಡಲು ಉಳಿಯುವ ಗಾಳಿ ಎಷ್ಟು, ನೀವೇ ಊಹಿಸಿ.

ಇದು ಕಾನೂನಿನ ಕೆಲಸವಲ್ಲ ಎಂದು ಸಮಿತಿ ಕೈತೊಳೆದುಕೊಂಡಿತು. ಅದರ ಅಧ್ಯಕ್ಷ ವಿಲಿಯಂ ಶೂಲರ್ ಲೊವೆಲ್‌ನದೇ ಪ್ರತಿನಿಧಿ. ಅವನನ್ನು ಮನೆಗೆ ಕಳಿಸುತ್ತೇವೆಂದು ಹೆಂಗಸರು ಪಣತೊಟ್ಟರು. ಮುಂದಿನ ಚುನಾವಣೆಯಲ್ಲಿ ಆತ ಸೋತ. ಬೇರೆ ಕಾರಣಗಳೂ ಇದ್ದಿರಬಹುದು. ಸಂಘ ಮಾತ್ರ ಗೆದ್ದೆವೆಂದೇ ಬೀಗಿತು. ಹೆಂಗಸರಿಗೆ ಹತ್ತು ಗಂಟೆಯ ಕಾನೂನು ಮ್ಯಾಸಚೂಸೆಟ್ಸ್‌ಗೆ ಬಂದದ್ದು 1874ರಲ್ಲಿ.

ಹ್ಯಾರಿಯೆಟ್ ಬೆಳೆದು ಮತದಾನದ ಹಕ್ಕಿನ ಹೋರಾಟಕ್ಕಿಳಿದರು. 1898ರಲ್ಲಿ ಪ್ರಕಟವಾದ ನೆನಪಿನ ಪುಸ್ತಕದಲ್ಲಿ ಆ ಸಾಲನ್ನು ತಿರುಗಿ ನೋಡಿದ ಗಳಿಗೆಯ ಮಾತು ಬರುತ್ತದೆ. ಮುಂದೆಂದೂ ಅಷ್ಟು ಹೆಮ್ಮೆಯಾಗಿಲ್ಲ, ತನ್ನ ರಾಜ್ಯದ ಹೆಂಗಸರಿಗೆ ವೋಟು ಸಿಗುವ ತನಕ ಆಗುವುದೂ ಇಲ್ಲ ಎಂದಿದ್ದಾರೆ. ಅವರು ತೀರಿಕೊಂಡದ್ದು 1911ರಲ್ಲಿ. ವೋಟು ಸಿಕ್ಕಿದ್ದು 1920ರಲ್ಲಿ.