ತಾಳಗುಂದ: ಕುಬ್ಜ ಕವಿಯ ಕಂಬದ ಸುತ್ತ ಒಂದು ದಿನ

ರೋಮ್‌ಗೆ ಹೋದ ನಮ್ಮವರು ಟ್ರಾಜನ್ ಸ್ತಂಭದ ಬುಡದಲ್ಲಿ ನಿಂತು ಗೈಡ್ ಹೇಳುವುದನ್ನೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಕ್ರಿ.ಶ. 113ರ ಆ ಕಂಬದ ಮೇಲೆ ಡೇಸಿಯಾ ಯುದ್ಧದ ಕತೆ ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೇರಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲೂ ಒಂದು ಕಂಬವಿದೆ. ಒಂದು ಅರಸುಮನೆತನ ಎದ್ದು ನಿಂತ ಬಗೆಯನ್ನು ಅದೂ ಹೇಳುತ್ತದೆ. ಆದರೆ ಅಲ್ಲಿ ಚಿತ್ರಗಳಿಲ್ಲ, ಇರುವುದೆಲ್ಲ ಅಕ್ಷರ. ಓದಿ ಹೇಳುವವರು ಜೊತೆಗಿಲ್ಲದಿದ್ದರೆ ಫೋಟೊ ತೆಗೆದುಕೊಂಡು ಐದೇ ನಿಮಿಷಕ್ಕೆ ಹೊರಟುಬಿಡುತ್ತೇವೆ. ಆದ್ದರಿಂದ ಮೊದಲ ಮಾತು: ತಾಳಗುಂದಕ್ಕೆ ಹೋಗುವಾಗ ಶಾಸನ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ಶಿವಮೊಗ್ಗ ಸೀಮೆಯಲ್ಲಿ ಅಂಥ ಮೇಷ್ಟ್ರುಗಳಿಗೆ ಬರವಿಲ್ಲ.

ಶಿರಾಳಕೊಪ್ಪದಿಂದ ಬೆಳಿಗ್ಗೆಯೇ ಹೊರಡಿ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಅಕ್ಷರದ ಅಂಚಿಗೆ ನೆರಳು ಕಟ್ಟುತ್ತದೆ. ನಡುಹಗಲಾದರೆ ಬರಹ ಕಲ್ಲಿನಲ್ಲೇ ಕರಗಿದಂತೆ ಕಾಣುತ್ತದೆ. ಪ್ರಣವೇಶ್ವರ ಗುಡಿಯ ಮುಂದಿರುವ ಈ ಕಂಬ ಬೂದುಬಣ್ಣದ ಗಟ್ಟಿ ಕಣಶಿಲೆ. ಎಂಟು ಮುಖ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ಗಿಡ್ಡ ಸಾಲು. ಸಾಲುಗಳು ಬುಡದಿಂದ ಶುರುವಾಗಿ ಮೇಲಕ್ಕೆ ಹೋಗುತ್ತವೆ. ಓದಬೇಕೆಂದರೆ ಕತ್ತು ವಾಲಿಸಬೇಕು, ಒಂದು ಮುಖ ಮುಗಿದ ಮೇಲೆ ಪಕ್ಕಕ್ಕೆ ಸರಿಯಬೇಕು. ಪೂರ್ತಿ ಓದಿದವರು ಕಂಬಕ್ಕೆ ಒಂದು ಪ್ರದಕ್ಷಿಣೆ ಹಾಕಿದಂತಾಯಿತು.

ಓದಲು ಸಿಗುವುದು 34 ಸಂಸ್ಕೃತ ಪದ್ಯಗಳ ಒಂದು ಕಾವ್ಯ. ಐದನೇ ಶತಮಾನದ ನಡುವೆ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಇದನ್ನು ಕಟ್ಟಿದ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಮಯೂರಶರ್ಮ ಗುರು ವೀರಶರ್ಮನೊಡನೆ ವೇದ ಕಲಿಯಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾದದ್ದು, ದರ್ಭೆ ಸಮಿತ್ತು ಹಿಡಿದ ಕೈ ಕತ್ತಿ ಹಿಡಿದದ್ದು, ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡಿನಲ್ಲಿ ಬೀಡುಬಿಟ್ಟದ್ದು, ಕೊನೆಗೆ ಪಲ್ಲವರೇ ಅವನಿಗೆ ನಾಡು ಬಿಟ್ಟುಕೊಟ್ಟದ್ದು, ಎಲ್ಲವೂ ಇಲ್ಲಿದೆ. ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿಗೂ, ಅದನ್ನು ಆಧರಿಸಿ 1975ರಲ್ಲಿ ಬಂದ ರಾಜ್‌ಕುಮಾರ್ ಅವರ ‘ಮಯೂರ’ ಸಿನಿಮಾಕ್ಕೂ ಬೇರು ಈ ಕಲ್ಲಿನಲ್ಲೇ. 1894ರಲ್ಲಿ ಬಿ.ಎಲ್. ರೈಸ್ ಈ ಬರಹವನ್ನು ಬೆಳಕಿಗೆ ತರದೇ ಹೋಗಿದ್ದರೆ ನಮ್ಮ ಮಯೂರನಿಗೆ ಇಂದಿನ ಮೈಕಟ್ಟು ಬರುತ್ತಿರಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಬೇರೆಯೇ ಸಂಗತಿ. ಇಷ್ಟೆಲ್ಲ ಕೊರೆಸಿದ್ದು ಒಂದು ಕೆರೆಯ ನೆಪದಲ್ಲಿ! ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಈ ಶಿವಾಲಯಕ್ಕೆಂದು ಕೆರೆ ತೋಡಿಸಿದ. ಆ ಪುಣ್ಯಕಾರ್ಯವನ್ನು ದಾಖಲಿಸಲು ಹೊರಟ ಕವಿ ಮನೆತನದ ಚರಿತ್ರೆಯನ್ನೇ ಬರೆದ. ನೀರಿನ ಕೆಲಸಕ್ಕೆ ಆ ಕಾಲ ಕೊಟ್ಟ ಬೆಲೆ ಅದು.

ಗುಡಿಯ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2013ರ ಹೊತ್ತಿಗೆ ನಡೆಸಿದ ಉತ್ಖನನದಲ್ಲಿ ಸಿಂಹ ಕಟಾಂಜನದ ಮೇಲಿನ ಬರಹ ಸಿಕ್ಕಿತು. ಸಂಸ್ಕೃತ, ಕನ್ನಡ ಎರಡೂ ಬೆರೆತ ಆ ಶಾಸನದ ಕಾಲ ಕ್ರಿ.ಶ. 370 ಎನ್ನುತ್ತದೆ ಇಲಾಖೆ. ಹಾಗಾದರೆ ಅದು ಹಲ್ಮಿಡಿಗಿಂತ ಹಿಂದಿನದು. ಕಾಲನಿರ್ಣಯದ ಚರ್ಚೆ ವಿದ್ವಾಂಸರಿಗಿರಲಿ. ಕನ್ನಡದ ಮೊದಲ ಬರಹಗಳನ್ನು ಹುಡುಕುವವರು ತಾಳಗುಂದವನ್ನು ದಾಟಿ ಹೋಗುವಂತಿಲ್ಲ. ಅಂದು ಇದು ಸ್ಥಾನಕುಂದೂರು, ದೊಡ್ಡ ಅಗ್ರಹಾರ. ಹನ್ನೆರಡನೇ ಶತಮಾನದ ಹೊತ್ತಿಗೆ ಇಲ್ಲಿ ವೇದದ ಜೊತೆಗೆ ಕನ್ನಡ ಅಕ್ಷರ ಕಲಿಸುವ ಏರ್ಪಾಡೂ ಇತ್ತು.

ಊಟ ಮುಗಿಸಿ ಹತ್ತಿರದ ಬಳ್ಳಿಗಾವಿಗೆ ನಡೆಯಿರಿ. ಅಲ್ಲಮನ ಊರು. ಕೇದಾರೇಶ್ವರ ಗುಡಿಗೆ ಮೂರು ಗರ್ಭಗೃಹ. ತ್ರಿಪುರಾಂತಕದಲ್ಲಿ ಪಂಚತಂತ್ರದ ಕತೆಗಳ ಕೆತ್ತನೆ, ಮಕ್ಕಳಿದ್ದರೆ ಅಲ್ಲಿಗೇ ಮೊದಲು ಹೋಗಿ. 1060ರ ಗಂಡಭೇರುಂಡ ಸ್ತಂಭ ಊರಿನಲ್ಲೇ ಇದೆ. ಗೈಡ್ ತಪ್ಪದೇ ಹೇಳಬೇಕಾದದ್ದು ಕೋಡಿಯ ಮಠದ ವಿಚಾರ. 1162ರ ಶಾಸನದ ಪ್ರಕಾರ ಕಾಳಾಮುಖರ ಆ ಮಠದಲ್ಲಿ ವೇದ, ವ್ಯಾಕರಣ, ಯೋಗಶಾಸ್ತ್ರಗಳ ವ್ಯಾಖ್ಯಾನ ನಡೆಯುತ್ತಿತ್ತು, ಕುರುಡರು, ಕುಂಟರು, ಬಡವರೆನ್ನದೆ ಹಸಿದು ಬಂದವರಿಗೆಲ್ಲ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧವಿತ್ತು. ಪಾಠಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ.

ಹೊತ್ತು ಉಳಿದರೆ ಅಕ್ಕನ ಉಡುತಡಿಯನ್ನೋ ಬಂದಳಿಕೆಯ ಬಸದಿ, ಗುಡಿಗಳನ್ನೋ ನೋಡಬಹುದು. ಸೊರಬದ ಕಡೆಗೆ ತಿರುಗಿದರೆ ಕುಬಟೂರಿನ ಕೈಟಭೇಶ್ವರ ಇದೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಬನವಾಸಿಯನ್ನಂತೂ ಮರುದಿನಕ್ಕೇ ಇಟ್ಟುಕೊಳ್ಳಿ: ಕುಬ್ಜನ ಕಾವ್ಯ ಕೇಳಿ, ಮಯೂರ ಯಾರೆಂದು ತಿಳಿದುಕೊಂಡೇ ಅವನ ರಾಜಧಾನಿಗೆ ಹೋಗಬೇಕು.