ನಾಲ್ವರಲ್ಲಿ ಒಬ್ಬನಿಲ್ಲದ ಮೇಲೆ

ರಾಕ್ ಸಂಗೀತದ ತಂಡವೊಂದರಲ್ಲಿ ಜನರ ಕಣ್ಣಿಗೆ ಮೊದಲು ಬೀಳುವವನು ಗಾಯಕ. ಅವನ ತರುವಾಯ ಗಿಟಾರ್ ನುಡಿಸುವವನು. ಇವರಿಬ್ಬರ ಹಿಂದೆ, ಮೈಯ ಅರ್ಧಭಾಗ ವಾದ್ಯಗಳ ಮರೆಯಲ್ಲಿರುವಂತೆ ಕುಳಿತು ಡ್ರಮ್ ಬಾರಿಸುವವನ ಹೆಸರನ್ನು ಆ ತಂಡದ ಕಟ್ಟಾ ಅಭಿಮಾನಿಗಳಲ್ಲದೆ ಮತ್ತಾರೂ ನೆನಪಿಟ್ಟುಕೊಳ್ಳುವುದು ಅಪರೂಪ. ಆದುದರಿಂದ 1997ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣದಲ್ಲಿ ಹುಟ್ಟಿ ಜಗತ್ಪ್ರಸಿದ್ಧವಾಗಿದ್ದ ಆರ್.ಇ.ಎಂ. ತಂಡದಿಂದ ಡ್ರಮ್ ವಾದಕ ಬಿಲ್ ಬೆರಿ ನಿವೃತ್ತನಾಗುತ್ತಿರುವನೆಂಬ ಸುದ್ದಿ ಪ್ರಕಟವಾದಾಗ, ಇದರಿಂದ ಅಂಥ ನಷ್ಟವೇನು, ಡ್ರಮ್ ಬಾರಿಸುವವರಿಗೆ ಆ ದೇಶದಲ್ಲಿ ಬರವೆ, ಎಂದು ಹೊರಗಿನವರು ಕೇಳಿದ್ದರೆ ಆಶ್ಚರ್ಯವಿಲ್ಲ. ಉಳಿದ ಮೂವರು ಒಂದು ವರ್ಷದ ಮೇಲೆ, 1998ರ ಅಕ್ಟೋಬರಿನಲ್ಲಿ, ಹೊರತಂದ ‘ಅಪ್’ ಎಂಬ ಆಲ್ಬಮ್ ಆ ಪ್ರಶ್ನೆಗೆ ಕೊಟ್ಟ ಉತ್ತರ ಸುದೀರ್ಘವಾದದ್ದು, ಕೆಲವೆಡೆ ತೊದಲುವಂಥದ್ದು, ಆದರೂ ಪ್ರಾಮಾಣಿಕವಾದದ್ದು.

ಈ ತಂಡದ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಥೆನ್ಸ್ ವಿಶ್ವವಿದ್ಯಾಲಯವಿರುವ ಊರು. ಅಲ್ಲಿ ಚಿತ್ರಕಲೆಯ ವಿದ್ಯಾರ್ಥಿಯಾಗಿದ್ದ ಗಾಯಕ ಮೈಕಲ್ ಸ್ಟೈಪ್, ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ ಗಿಟಾರ್ ವಾದಕ ಪೀಟರ್ ಬಕ್, ಮೇಕನ್ ಎಂಬ ಊರಿನ ಹೈಸ್ಕೂಲಿನಿಂದಲೇ ಒಡನಾಡಿಗಳಾಗಿದ್ದ ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ, ಈ ನಾಲ್ವರೂ 1980ರ ಏಪ್ರಿಲಿನಲ್ಲಿ ಪಾಳುಬಿದ್ದ ಇಗರ್ಜಿಯೊಂದರೊಳಗೆ ಸ್ನೇಹಿತರ ಸಂತೋಷಕೂಟಕ್ಕಾಗಿ ಮೊದಲ ಬಾರಿ ಜೊತೆಗೂಡಿ ನುಡಿಸಿದರು. ಅಂದಿನಿಂದ ಅವರು ಪಾಲಿಸಿಕೊಂಡು ಬಂದ ನಿಯಮವೊಂದು ವಿಶೇಷವಾದದ್ದು: ಯಾವ ಹಾಡನ್ನು ಯಾರೇ ಕಟ್ಟಿರಲಿ, ಅದರ ಕರ್ತೃತ್ವ ನಾಲ್ವರ ಹೆಸರಿನಲ್ಲಿಯೂ ಸಮವಾಗಿ ದಾಖಲಾಗತಕ್ಕದ್ದು, ಯಾವ ವಿಷಯದಲ್ಲಿಯೇ ಆಗಲಿ, ಒಬ್ಬನು ಒಲ್ಲೆನೆಂದರೆ ಅದು ನಡೆಯಕೂಡದು. ಹಣಕ್ಕಾಗಿಯೂ ಹೆಸರಿಗಾಗಿಯೂ ತಂಡಗಳು ಒಡೆಯುವುದೇ ವಾಡಿಕೆಯಾದ ಆ ಲೋಕದಲ್ಲಿ ಇವರ ಸ್ನೇಹ ಬಾಳಿದ್ದು ಬಹುಮಟ್ಟಿಗೆ ಈ ಕಟ್ಟಳೆಯ ಬಲದಿಂದಲೇ. ಆದರೆ ಇದರಿಂದ ಒಂದು ಅನನುಕೂಲವೂ ಆಯಿತು. ಯಾರ ಪಾಲು ಎಷ್ಟು ಎಂಬುದು ಕೇಳುಗರಿಗೆ ತಿಳಿಯುತ್ತಲೇ ಇರಲಿಲ್ಲ. 1992ರ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಎಂಬ ಆಲ್ಬಮ್ಮಿನಲ್ಲಿರುವ ‘ಎವೆರಿಬಡಿ ಹರ್ಟ್ಸ್’, ದುಃಖಿತರನ್ನು ಸಂತೈಸುವ ಹಾಡೆಂದು ಲೋಕವೆಲ್ಲ ತಲೆದೂಗಿದ ಆ ಗೀತ, ಬಹುಪಾಲು ಬೆರಿಯ ಕಲ್ಪನೆಯಿಂದ ಮೂಡಿದ್ದೆಂಬುದನ್ನು ಎಷ್ಟು ಜನ ಬಲ್ಲರು? ವಿನೋದವೆಂದರೆ, ಆ ಹಾಡಿನಲ್ಲಿ ಬಹುಮಟ್ಟಿಗೆ ತಾಳ ಹಿಡಿದಿರುವುದು ಅವನ ಕೈಯಲ್ಲ, ಒಂದು ಯಂತ್ರ.

ಬೆರಿ ಕೇವಲ ತಾಳ ಹಾಕುವವನಾಗಿರಲಿಲ್ಲ ಎಂಬುದಕ್ಕೆ ಇದಿಷ್ಟು ಸಾಕು. ಅವನು ಪಿಯಾನೊ, ಗಿಟಾರ್‌ಗಳನ್ನು ಬಲ್ಲವನು. ಸ್ಟೈಪನ ಗಂಭೀರಕಂಠಕ್ಕೂ ಮಿಲ್ಸನ ಎತ್ತರದ ದನಿಗೂ ನಡುವೆ ಮೂರನೆಯದಾಗಿ ಸೇರುತ್ತಿದ್ದ ಸ್ವರ ಅವನದು. ಅವನ ಡ್ರಮ್ ವಾದನದಲ್ಲಿ ಆರ್ಭಟವಿರಲಿಲ್ಲ. ಪ್ರತಿಭೆಯ ಪ್ರದರ್ಶನಕ್ಕಾಗಿ ಒಂದು ಪೆಟ್ಟನ್ನೂ ಅವನು ದುಂದುಮಾಡಿದವನಲ್ಲ. ನಮ್ಮ ಕಛೇರಿಗಳಲ್ಲಿ ಅನುಭವಿಯಾದ ಮೃದಂಗದವನು ಗಾಯಕನ ಮನೋಧರ್ಮವನ್ನರಿತು, ಕೀರ್ತನೆಯ ಪಲ್ಲವಿಗೊಂದು ನಡೆ, ಚರಣಕ್ಕೊಂದು ನಡೆ ಎಂದು ವಿವೇಚಿಸಿ ನುಡಿಸುವಂತೆ, ಹಾಡು ಏರಬೇಕಾದಲ್ಲಿ ಕೂದಲೆಳೆಯಷ್ಟು ಮುಂದಾಗಿ, ತಗ್ಗಬೇಕಾದಲ್ಲಿ ಅಷ್ಟೇ ಹಿಂದಾಗಿ ಅವನು ನಡೆಸಿಕೊಂಡು ಹೋಗುತ್ತಿದ್ದನು.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗಲೇ ಅವನಿಗೆ ತಾಳಲಾರದ ತಲೆನೋವು ಬಂದು ವೇದಿಕೆಯಿಂದ ಇಳಿಯಬೇಕಾಯಿತು. ಮಿದುಳಿನ ರಕ್ತನಾಳವೊಂದು ಗೋಡೆ ತೆಳುವಾಗಿ, ಉಬ್ಬಿ, ಒಡೆದಿತ್ತು. ಅನೇಕರು ಬದುಕುಳಿಯದ ಅಪಾಯ ಅದು. ಶಸ್ತ್ರಚಿಕಿತ್ಸೆ ಸಕಾಲದಲ್ಲಿ ನಡೆದುದರಿಂದ ಬೆರಿ ಚೇತರಿಸಿಕೊಂಡು, ಕೆಲವೇ ವಾರಗಳಲ್ಲಿ ಮತ್ತೆ ಡ್ರಮ್ಮುಗಳ ಹಿಂದೆ ಕುಳಿತನು. ಮರುವರ್ಷ ತಂಡವು ವಾರ್ನರ್ ಎಂಬ ಧ್ವನಿಮುದ್ರಿಕೆಗಳ ಸಂಸ್ಥೆಯೊಡನೆ ಸುಮಾರು 8 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತೆಂದು ಪತ್ರಿಕೆಗಳು ವರದಿ ಮಾಡಿದುವು. ಅಂಥ ಐಶ್ವರ್ಯದ ಹೊಸ್ತಿಲಲ್ಲಿ ನಿಂತಿರುವಾಗಲೇ ಅವನು, ಇನ್ನು ಈ ಜೀವನದಲ್ಲಿ ತನಗೆ ಉತ್ಸಾಹ ಉಳಿದಿಲ್ಲವೆಂದು ಗೆಳೆಯರಿಗೆ ತಿಳಿಸಿ, ಅಥೆನ್ಸಿನ ಹತ್ತಿರದ ತನ್ನ ಹೊಲದಲ್ಲಿ ಹುಲ್ಲು ಬೆಳೆದುಕೊಂಡು ಇರಲು ಹೊರಟುಹೋದನು. ಕಾಯಿಲೆಯೊಂದೇ ಇದಕ್ಕೆ ಕಾರಣವೆಂದು ತೀರ್ಮಾನಿಸುವುದು ನಮ್ಮ ಅವಸರವಾದೀತು, ಸಾಕೆನ್ನಿಸಿದವನು ಸಾಕೆಂದನು. ಆದರೆ ಹೊರಡುವಾಗ ಅವನು ಒಂದು ಮಾತನ್ನು ಕರಾರಿನಂತೆ ಇಟ್ಟನು: ತಾನು ಬಿಟ್ಟರೆ ತಂಡವೇ ಮುಚ್ಚುವುದಾದರೆ ತಾನು ಬಿಡುವುದಿಲ್ಲ. ನಾಲ್ವರಲ್ಲಿ ಒಬ್ಬ ಹೋದರೂ ತಂಡ ಮುಗಿದಂತೆಯೇ ಎಂದು ಹಿಂದೆ ಹೇಳಿಕೊಂಡಿದ್ದ ಮೂವರು ಹೀಗೆ, ಗೆಳೆಯನಿಗೆ ಬಿಡುಗಡೆ ಕೊಡಬೇಕಾದರೆ ತಾವು ಮುಂದುವರಿಯಲೇಬೇಕೆಂಬ ವಿಚಿತ್ರವಾದ ಇಕ್ಕಟ್ಟಿಗೆ ಸಿಕ್ಕಿದರು. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವ ಬಗೆಯನ್ನಷ್ಟೆ ಅದು ಬೇರೆಯಾಗಿ ಕಲಿಯಬೇಕು, ಎಂಬರ್ಥದ ಮಾತನ್ನು ಸ್ಟೈಪ್ ಆಗ ಆಡಿದುದುಂಟು. ಕಲಿಕೆ ಅವನೆಣಿಸಿದಷ್ಟು ಸುಲಭವಾಗಲಿಲ್ಲ.

ಒಬ್ಬ ಸಮರ್ಥ ಡ್ರಮ್ ವಾದಕನನ್ನು ತಂದು ಬೆರಿಯ ಪೀಠದಲ್ಲಿ ಕೂರಿಸಿ, ಏನೂ ಆಗಿಲ್ಲವೆಂಬಂತೆ ಹಾಡಿಕೊಂಡು ಹೋಗುವ ದಾರಿ ಅವರಿಗೆ ತೆರೆದಿತ್ತು. ಅವರು ಅದನ್ನು ಹಿಡಿಯಲಿಲ್ಲ. ನಾಲ್ಕನೆಯ ಸದಸ್ಯನನ್ನು ಸೇರಿಸಿಕೊಳ್ಳಲೇ ಇಲ್ಲ. ಅಷ್ಟರಲ್ಲಿ 1987ರಿಂದ ಅವರ ಆಲ್ಬಮ್ಮುಗಳನ್ನು ರೂಪಿಸುತ್ತ ಬಂದಿದ್ದ ನಿರ್ಮಾಪಕ ಸ್ಕಾಟ್ ಲಿಟ್ಟನ ಸಹಯೋಗವೂ ಮುಗಿದಿತ್ತು. ಹೊಸ ನಿರ್ಮಾಪಕ ಪ್ಯಾಟ್ ಮೆಕಾರ್ತಿ. ಧ್ವನಿತಂತ್ರಜ್ಞನಾಗಿ ಬಂದವನು, ಹಿಂದಿನ ವರ್ಷವಷ್ಟೆ ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ‘ಓಕೆ ಕಂಪ್ಯೂಟರ್’ ಆಲ್ಬಮ್ಮಿನಿಂದ ಖ್ಯಾತನಾಗಿದ್ದ ನೈಜೆಲ್ ಗಾಡ್ರಿಚ್. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹೆಚ್ಚಿನ ಕೆಲಸ ನಡೆಯಿತು. ಗಿಟಾರಿನ ಬಗ್ಗೆ ಬೇಸರಗೊಂಡಿದ್ದ ಪೀಟರ್ ಬಕ್ ಆ ವೇಳೆಗೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಹಳೆಯ ಸಿಂಥೆಸೈಜರುಗಳನ್ನೂ ಡ್ರಮ್ ಮೆಷೀನುಗಳನ್ನೂ ಕೂಡಿಹಾಕಿಕೊಂಡಿದ್ದನು. ಅವು ಈಗ ಕೆಲಸಕ್ಕೆ ಬಂದುವು.

ಡ್ರಮ್ ಮೆಷೀನ್ ಎಂಬುದು ಮೂಲತಃ ಮನೆಯಲ್ಲಿ ಆರ್ಗನ್ ನುಡಿಸುವ ಹವ್ಯಾಸಿಗಳ ಸಹಾಯಕ್ಕೆಂದು ಹುಟ್ಟಿದ ಸಾಧನ. ಹಳೆಯ ಮಾದರಿಗಳಲ್ಲಿ ಒಳಗಿನ ವಿದ್ಯುನ್ಮಂಡಲಗಳು ಕಂಪನವನ್ನುಂಟುಮಾಡಿ ಡ್ರಮ್ಮಿನ ಗುಡುಗನ್ನು ಹೋಲುವ ನಾದವನ್ನೂ, ಸೋಸಿದ ಗೊರಗೊರ ಸದ್ದಿನಿಂದ ಕಂಚಿನ ತಟ್ಟೆಯ ಝಣತ್ಕಾರವನ್ನೂ ಹುಟ್ಟಿಸುತ್ತವೆ. ವಾಲ್ಟ್ಸ್, ರುಂಬಾ ಮೊದಲಾದ ನಡೆಗಳಲ್ಲಿ ಬೇಕಾದುದಕ್ಕೆ ಗುಂಡಿಯೊತ್ತಿದರೆ ಸಾಕು, ಆಯಾಸವಿಲ್ಲದೆ, ತಪ್ಪಿಲ್ಲದೆ, ಅದು ಬಾರಿಸುತ್ತಲೇ ಇರುತ್ತದೆ. ತಪ್ಪಿಲ್ಲದಿರುವುದೇ ಅದರ ಕೊರತೆ: ಹಾಡು ಉಕ್ಕಿದರೂ ಅದು ಉಕ್ಕದು, ಹಾಡುವವನ ಕಂಠ ಕಟ್ಟಿದರೂ ಅದು ಕಾಯದು. ‘ಅಪ್’ ಆಲ್ಬಮ್ಮಿನ ಮೊದಲ ಹಾಡು ‘ಏರ್‌ಪೋರ್ಟ್‌ಮನ್’ ಆರಂಭವಾಗುವುದೇ ಇಂಥ ಯಂತ್ರದ ಮೆಲ್ಲನೆಯ ಟಕಟಕದಿಂದ. ಸ್ಟೈಪ್ ಹಾಡುವುದಿಲ್ಲ, ಗುನುಗುತ್ತಾನೆ. ಕೇಳುಗನು ಕಾಯುವ ಆ ಡ್ರಮ್ಮಿನ ಪ್ರವೇಶ ಕೊನೆಯವರೆಗೂ ಆಗುವುದೇ ಇಲ್ಲ. ಅಂದಿನ ಕೆಲವು ವಿಮರ್ಶಕರು ಇದನ್ನು ಕಾಲದ ಮೋಜಿಗೆ ಒಲಿದ ವಿದ್ಯುನ್ಮೋಹವೆಂದು ಬಗೆದರು. ನನಗೆ ಹಾಗೆ ತೋರುವುದಿಲ್ಲ. ಹೊಸತನಕ್ಕಾಗಿ ಹಾತೊರೆಯುವವರು ಹೊಸ ಯಂತ್ರಗಳನ್ನು ಕೊಳ್ಳುವರು. ಇವರು ಬಳಸಿದ್ದು ಹಳತನ್ನು. ಮತ್ತೊಬ್ಬ ಮನುಷ್ಯನಿಗೆ ಕೊಡಲೊಪ್ಪದ ಸ್ಥಾನದಲ್ಲಿ ಮನುಷ್ಯನಲ್ಲದ್ದೊಂದನ್ನು ಇಟ್ಟು, ಅದು ಯಂತ್ರವೆಂಬುದನ್ನು ಮುಚ್ಚಿಡದೆ ಕೇಳಿಸಿದರು. ಅಗತ್ಯವಿದ್ದ ಹಾಡುಗಳಿಗೆ ಜೋಯಿ ವಾರಂಕರ್, ಬ್ಯಾರೆಟ್ ಮಾರ್ಟಿನ್ ಎಂಬ ಅತಿಥಿ ವಾದಕರು ಬಂದು ನುಡಿಸಿಹೋದುದು ನಿಜ. ಆದರೆ ಅವರೂ ಬೆರಿಯ ನಡೆಯನ್ನು ಅನುಕರಿಸಲಿಲ್ಲ.

ಕೆಲಸದ ನಡುವೆ ಸ್ನೇಹವೇ ಮುರಿಯುವಂತಾಗಿತ್ತೆಂದು ಅವರು ಮುಂದೆ ಹಲವು ಸಂದರ್ಶನಗಳಲ್ಲಿ ಒಪ್ಪಿಕೊಂಡಿದ್ದಾರೆ. ಸ್ಟೈಪನಿಗೆ ಸಾಹಿತ್ಯ ಹೊಳೆಯದೆ ದಿನಗಳು ಕಳೆಯುತ್ತಿದ್ದುವು. ಸೋಜಿಗವೆಂದರೆ, ಹೀಗೆ ತಡವರಿಸುತ್ತ ಬರೆದ ಸಾಹಿತ್ಯವನ್ನೇ ತಂಡವು ಮೊದಲ ಬಾರಿಗೆ ಆಲ್ಬಮ್ಮಿನೊಡನೆ ಪೂರ್ತಿಯಾಗಿ ಅಚ್ಚುಮಾಡಿಸಿತು. ಆರಂಭದ ವರ್ಷಗಳಲ್ಲಿ ಮಾತು ತಿಳಿಯದಂತೆ ಹಾಡುವುದಕ್ಕೆ ಹೆಸರಾಗಿದ್ದವನು ಸ್ಟೈಪ್ ಎಂಬುದನ್ನು ಇಲ್ಲಿ ನೆನೆಯಬೇಕು. ‘ಡೇಸ್ಲೀಪರ್’ ರಾತ್ರಿಪಾಳಿಯ ನೌಕರನೊಬ್ಬನ ಹಾಡು. ಹಗಲು ಮಲಗುವವರಿದ್ದಾರೆ, ಸದ್ದುಮಾಡಬೇಡಿ ಎಂಬ ಸೂಚನೆಯ ಚೀಟಿಯನ್ನು ನ್ಯೂಯಾರ್ಕಿನ ವಸತಿಯೊಂದರ ಬಾಗಿಲಲ್ಲಿ ಕಂಡು ಸ್ಟೈಪ್ ಅದನ್ನು ಕಟ್ಟಿದನು. ‘ಹೋಪ್’ ಎಂಬ ಹಾಡಿನ ಧಾಟಿ ಕೆನಡದ ಕವಿಗಾಯಕ ಲಿಯೊನಾರ್ಡ್ ಕೋಹೆನನ ‘ಸೂಝನ್’ ಗೀತವನ್ನು ಹೋಲುತ್ತದೆಂದು ಕಂಡಾಗ, ಯಾರೂ ದಾವೆ ಹೂಡುವ ಮುನ್ನವೇ ಅವನ ಹೆಸರನ್ನು ಕರ್ತೃಗಳ ಪಟ್ಟಿಗೆ ಸೇರಿಸಿದರು. ಎಲ್ಲಕ್ಕಿಂತ ಮನೋಹರವಾದದ್ದು ‘ಅಟ್ ಮೈ ಮೋಸ್ಟ್ ಬ್ಯೂಟಿಫುಲ್’: 1966ರಲ್ಲಿ ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನಲ್ಲಿ ಸಾಧಿಸಿದ ಕಂಠಗಳ ಮೇಳಕ್ಕೆ ಪಿಯಾನೊ, ಘಂಟೆಗಳ ಮೂಲಕ ಸಲ್ಲಿಸಿದ ವಂದನೆ. ಮೂರನೆಯ ದನಿಯೊಂದನ್ನು ಕಳೆದುಕೊಂಡ ತಂಡ ಕಂಠಮೇಳದ ಗುರುವನ್ನೇ ನೆನೆದು ದನಿಯ ಮೇಲೆ ದನಿಯನ್ನು ಪೇರಿಸಿದ್ದು ಆಕಸ್ಮಿಕವಿರಲಾರದು.

ಇನ್ನು ದೋಷಗಳು. ಹದಿನಾಲ್ಕು ಹಾಡುಗಳು, 64 ನಿಮಿಷಗಳು; ಬಹುತೇಕ ಎಲ್ಲವೂ ವಿಲಂಬ. ನಡುವಿನ ಕೆಲವು ಹಾಡುಗಳು ಮುಗಿಯಬೇಕಾದ ಮೇಲೂ ಮುಗಿಯುವುದಿಲ್ಲ. ನಾಲ್ವರಿದ್ದಾಗಿನ ಅವರ ಹಾಡುಗಳು ಹೇಳುವುದನ್ನು ಹೇಳಿ ಸರಕ್ಕನೆ ಎದ್ದುಹೋಗುತ್ತಿದ್ದುವು. ಆ ಮಿತಭಾಷಿತ್ವಕ್ಕೆ ಬೆರಿಯ ಅಸಹನೆಯೂ ಒಂದು ಕಾರಣವಾಗಿತ್ತೆಂದು ನನಗೆ ತೋರುತ್ತದೆ. ಬೇಡವೆನ್ನುವ ಅಧಿಕಾರ ನಾಲ್ವರಿಗೂ ಇತ್ತಷ್ಟೆ. ಆ ನಾಲ್ಕರಲ್ಲೊಂದು ಬಿದ್ದುಹೋದುದರಿಂದ ಒಳಗೆ ಬಂದ ಹಾಡುಗಳನ್ನು ಹೊರಗಟ್ಟುವ ಕೈ ಕಡಮೆಯಾಯಿತು. ಲಯದಲ್ಲಿಯೂ ಮೇಳದಲ್ಲಿಯೂ ಅವನ ಅಭಾವವನ್ನು ಕಲೆಯಾಗಿ ಮಾರ್ಪಡಿಸಿದವರಿಗೆ ಆಲ್ಬಮ್ಮಿನ ಉದ್ದದಲ್ಲಿ ಮಾತ್ರ ಅದನ್ನು ಗೆಲ್ಲುವುದಾಗಲಿಲ್ಲ.

ಹಿಂದಿನ ‘ಔಟ್ ಆಫ್ ಟೈಮ್’, ‘ಆಟೋಮ್ಯಾಟಿಕ್’ ಆಲ್ಬಮ್ಮುಗಳು ಒಂದೊಂದೂ ಜಗತ್ತಿನಲ್ಲಿ ಕೋಟಿಗೆ ಮೀರಿ ಮಾರಾಟವಾಗಿದ್ದುವು. ‘ಅಪ್’ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿದರೂ ಆ ಸಂಖ್ಯೆಯ ಸಮೀಪಕ್ಕೆ ಬರಲಿಲ್ಲ. ತಂಡ 2011ರವರೆಗೆ ನಡೆದು, ಜಗಳವಿಲ್ಲದೆ ವಿಸರ್ಜನೆಗೊಂಡಿತು. ಆ ನಡುವೆ ಬೆರಿ ಆಗೊಮ್ಮೆ ಈಗೊಮ್ಮೆ ಬಂದು ಹಳೆಯ ಗೆಳೆಯರೊಡನೆ ನುಡಿಸಿಹೋಗುತ್ತಿದ್ದನು. 2023ರಲ್ಲಿ, ಇಪ್ಪತ್ತೈದು ವರ್ಷಗಳ ನೆನಪಿಗೆಂದು ‘ಅಪ್’ ಮತ್ತೆ ಪ್ರಕಟವಾದಾಗ, ಒಮ್ಮೆ ಅದನ್ನು ಬದಿಗೊತ್ತಿದ್ದವರಲ್ಲಿ ಹಲವರು ಅದರ ಕಡೆ ತಿರುಗಿ ನೋಡಿದರು. ಆರ್.ಇ.ಎಂ. ಎಂಬ ಹೆಸರನ್ನೇ ಈವರೆಗೆ ಕೇಳದವರು ಈ ಆಲ್ಬಮ್ಮಿನಿಂದ ಆರಂಭಿಸಬಾರದು. ಮೊದಲು 1983ರ ‘ಮರ್ಮರ್’ ಅನ್ನೋ 1992ರ ‘ಆಟೋಮ್ಯಾಟಿಕ್’ ಅನ್ನೋ ಕೇಳಿ, ಆ ಡ್ರಮ್ಮಿನ ನಡೆ ಕಿವಿಗೆ ರೂಢಿಯಾದ ಬಳಿಕ ಇದಕ್ಕೆ ಬರಬೇಕು, ಅದೂ ಒಂದೇ ಸಲಕ್ಕೆ ಏಳೆಂಟು ಹಾಡುಗಳಿಗಿಂತ ಹೆಚ್ಚು ಕೇಳದೆ.