ಕೊಟ್ಟಿಗೆಯ ವಿದ್ಯುತ್: ಲೆಕ್ಕ ತಿಳಿದರೆ ರಾಸು ಕ್ಷೇಮ



ಹಾಲಿನ ಲೀಟರು, ಜಿಡ್ಡಿನ ಅಂಶ, ಪಶು ಆಹಾರದ ಚೀಲ, ಬಟವಾಡೆಯ ಹಣ ಇವುಗಳ ಲೆಕ್ಕವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೊಟ್ಟಿಗೆಗೆ ಎಳೆದಿರುವ ವಿದ್ಯುತ್ ತಂತಿಯ ಲೆಕ್ಕವನ್ನು ನಾವು ನೋಡುವುದು ಕಡಿಮೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ನೀರು ಕಾಯಿಸುವ ಕಾಯಿಲ್ ಕೊಟ್ಟಿಗೆಗೆ ಬಂದ ಮೇಲೆ ಇದನ್ನೂ ತಿಳಿದಿರಬೇಕು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೂರು ಅಳತೆ, ಎರಡು ಸೂತ್ರ

ಎತ್ತರದ ತೊಟ್ಟಿಯಿಂದ ಪೈಪಿನಲ್ಲಿ ನೀರು ಬರುವುದನ್ನು ನೆನೆಯಿರಿ. ನೀರನ್ನು ನೂಕುವ ಒತ್ತಡದಂತೆ ವೋಲ್ಟ್. ಹರಿಯುವ ನೀರಿನಂತೆ ಆಂಪಿಯರ್. ಪೈಪು ಒಡ್ಡುವ ತಡೆಯಂತೆ ರೋಧ. ಇದರ ಅಳತೆ ಓಮ್. ಇವುಗಳ ಸಂಬಂಧವನ್ನು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದರು.

1. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ.
2. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಒಂದು ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್.

ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. 230ನ್ನು 6.5ರಿಂದ ಭಾಗಿಸಿ, ಅದರ ರೋಧ ಸುಮಾರು 35 ಓಮ್. ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಆಗ ಹರಿಯುವುದು 5.1 ಆಂಪಿಯರ್, ದೊರೆಯುವುದು ಸುಮಾರು 920 ವ್ಯಾಟ್ ಮಾತ್ರ. ವೋಲ್ಟೇಜ್ ಐದನೆಯ ಒಂದು ಭಾಗದಷ್ಟು ಇಳಿದರೆ ಶಾಖ ಹೆಚ್ಚುಕಡಿಮೆ ಐದರಲ್ಲಿ ಎರಡು ಭಾಗ ಇಳಿಯುತ್ತದೆ. ಕಾಯಿಲ್ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವ ಮೊದಲು ಇದನ್ನು ಗಮನಿಸಿ.

ತಂತಿಯೂ ಕರೆಂಟು ತಿನ್ನುತ್ತದೆ

ಮನೆಯಿಂದ ಕೊಟ್ಟಿಗೆಗೆ 50 ಮೀಟರ್ ದೂರವಿದ್ದರೆ, ಹೋಗುವ ತಂತಿ ಮತ್ತು ಬರುವ ತಂತಿ ಸೇರಿ 100 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ಇದರ ರೋಧ ಸುಮಾರು 1.8 ಓಮ್. ಮೇವು ಕತ್ತರಿಸುವ ಮೋಟಾರು 12 ಆಂಪಿಯರ್ ಎಳೆದರೆ 12ನ್ನು 1.8ರಿಂದ ಗುಣಿಸಿ, ತಂತಿಯಲ್ಲೇ ಸುಮಾರು 22 ವೋಲ್ಟ್ ಕಳೆದುಹೋಗುತ್ತದೆ. ಸುಮಾರು 260 ವ್ಯಾಟ್ ತಂತಿಯನ್ನು ಬಿಸಿ ಮಾಡಲು ವ್ಯರ್ಥ. ನಾಲ್ಕು ಚದರ ಮಿಲಿಮೀಟರ್ ತಂತಿ ಹಾಕಿದರೆ ನಷ್ಟ ಐದಾರು ವೋಲ್ಟಿಗೆ ಇಳಿಯುತ್ತದೆ. ಮೋಟಾರಿನ ಆಂಪಿಯರನ್ನು ಅದರ ಫಲಕದ ಮೇಲೆ ನೋಡಿ. ಹೊರಡುವಾಗ ಅದು ಇದರ ಹಲವು ಪಟ್ಟು ಎಳೆಯುತ್ತದೆ. ತೆಳು ತಂತಿಯಲ್ಲಿ ಮೋಟಾರು ಗೊಣಗುತ್ತಾ ನಿಂತು ಸುಟ್ಟುಹೋಗುವುದು ಇದರಿಂದಲೇ.

ಫ್ಯೂಸ್ ರಾಸನ್ನು ಕಾಯುವುದಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಸುವಿನ ದೇಹದ ರೋಧವನ್ನು ಸಾಮಾನ್ಯವಾಗಿ 500 ಓಮ್ ಎಂದು ಹಿಡಿಯುತ್ತಾರೆ. ಅದಕ್ಕೆ ಚಪ್ಪಲಿಯಿಲ್ಲ, ಗಂಜಲ, ನೀರಿನಿಂದ ಒದ್ದೆಯಾದ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. 230ನ್ನು 500ರಿಂದ ಭಾಗಿಸಿದರೆ 0.46 ಆಂಪಿಯರ್. ಇದು ತೀರ ಕಡಿಮೆ ಎನಿಸಬಹುದು. ಆದರೆ ರಾಸಿನ ಪ್ರಾಣ ತೆಗೆಯಲು ಇಷ್ಟು ಸಾಕು.

ಫ್ಯೂಸ್ ಹೋಗಿ ಹಸು ಉಳಿಯುತ್ತದೆಯೇ? ಮೋಟಾರಿನ ಒಳಗಿನ ತಂತಿ ಅದರ ಕಬ್ಬಿಣದ ಹೊರಮೈಗೆ ತಗುಲಿತೆನ್ನಿ. ಅರ್ಥಿಂಗ್ ಗುಂಡಿ ಒಣಗಿ ಅದರ ರೋಧ 20 ಓಮ್ ಆಗಿದ್ದರೆ, 230ನ್ನು 20ರಿಂದ ಭಾಗಿಸಿದಾಗ ಬರುವುದು 11.5 ಆಂಪಿಯರ್. 16 ಆಂಪಿಯರಿನ ಫ್ಯೂಸ್ ಇದಕ್ಕೆ ಕರಗುವುದೇ ಇಲ್ಲ. ಯಂತ್ರದ ಮೈಯಲ್ಲಿ ಕರೆಂಟು ಹಾಗೆಯೇ ಉಳಿದು, ಮುಟ್ಟಿದ ರಾಸಿಗೂ ಮನುಷ್ಯನಿಗೂ ಅಪಾಯ. ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಜೀವ ಕಾಯಲು ಬೇರೆ ಸಾಧನ ಬೇಕು.

ಆ ಸಾಧನವೇ ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ಹಿಂದಿರುಗದೆ ಸೋರಿದರೆ ಅದು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುತ್ತದೆ. ಕೊಟ್ಟಿಗೆಗೆ 30 ಮಿಲಿ ಆಂಪಿಯರಿನದನ್ನೇ ಕೇಳಿ. ಅಂದರೆ 0.03 ಆಂಪಿಯರ್; ಮೇಲೆ ಹೇಳಿದ 0.46ರ ಹದಿನೈದನೆಯ ಒಂದು ಭಾಗ.

ನೀವು ಮಾಡಬೇಕಾದದ್ದು

1. ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಆರ್‌ಸಿಸಿಬಿ ಹಾಕಿಸಿ. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ. ಕರೆಂಟು ಹೋಗದಿದ್ದರೆ ಬದಲಾಯಿಸಿ.
2. ಪ್ರತಿ ಯಂತ್ರಕ್ಕೂ ಅರ್ಥಿಂಗ್ ಇರಲಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ, ರೋಧವನ್ನು ಅಳತೆ ಮಾಡಿಸಿ.
3. ಪದೇ ಪದೇ ಹೋಗುತ್ತದೆಂದು ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿ.
4. ಕಾಯಿಲ್ ಹಾಕಿರುವಾಗ ನೀರು ಮುಟ್ಟಬೇಡಿ. ಸ್ವಿಚ್ ಆರಿಸಿ, ಪ್ಲಗ್ ತೆಗೆದ ನಂತರವೇ ನೀರು ತೆಗೆಯಿರಿ.
5. ಹಸು ತೊಟ್ಟಿಯ ನೀರಿಗೆ ಮೂತಿಯಿಟ್ಟು ತಟ್ಟನೆ ಹಿಂದೆ ಸರಿದರೆ ಪಶುವೈದ್ಯರಿಗೆ ತೋರಿಸುವುದರ ಜೊತೆಗೆ ತಂತಿಯನ್ನೂ ಪರೀಕ್ಷೆ ಮಾಡಿಸಿ. ನಮಗೆ ತಿಳಿಯದ ಒಂದೆರಡು ವೋಲ್ಟಿನ ಸೋರಿಕೆಯೂ ಅದಕ್ಕೆ ತಿಳಿಯಬಹುದು.
6. ರಾಸಿಗೆ ಕರೆಂಟು ಹೊಡೆದರೆ ಮೊದಲು ಮೈನ್ ಸ್ವಿಚ್ ಆರಿಸಿ. ಅದಕ್ಕೂ ಮುನ್ನ ರಾಸನ್ನು ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಕೊಟ್ಟಿಗೆಯ ತಂತಿಯ ಉದ್ದ, ದಪ್ಪ ಮತ್ತು ಮೋಟಾರಿನ ಆಂಪಿಯರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಈ ಲೆಕ್ಕ ಮಾಡಿ ನೋಡಿ. ಆರ್‌ಸಿಸಿಬಿಗೆ ತಗಲುವ ಖರ್ಚು ಒಂದು ಕರೆಯುವ ಹಸುವಿನ ಬೆಲೆಯ ಮುಂದೆ ಅತ್ಯಲ್ಪ ಎಂಬುದನ್ನು ಮರೆಯಬೇಡಿ.